ಕೆಡ್ಡಸದಿಂದ ಪತ್ತನಾಜೆಯವರೆಗೆ: ಕಾಸರಗೋಡಿನ ವಸಂತವನ್ನು ಕಳೆದುಕೊಳ್ಳದಿರುವ ಬಗೆ

ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ಎರಡು ತಿಂಗಳು ವಸಂತ. ಕಾಸರಗೋಡಿನ ಗುಡ್ಡ ತೋಟಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಚೈತ್ರ ಹುಟ್ಟುವ ಹೊತ್ತಿಗೆ ಇಲ್ಲಿ ಮಾವಿನ ಹೂ ಉದುರಿ ಮಿಡಿಯಾಗಿ, ಮಿಡಿ ಉಪ್ಪುನೀರಿಗೂ ಇಳಿದಿರುತ್ತದೆ. ಬೂರುಗದ ಮರ ಹೂ ಮುಗಿಸಿ ಕಾಯಿ ಹಿಡಿದಿರುತ್ತದೆ. ಯುಗಾದಿ ಕಳೆಯಲಿ, ಆಮೇಲೆ ನೋಡಿದರಾಯಿತು ಎಂದು ಕಾದು ಕೂತವರ ಪಾಡು ಮಧ್ಯಂತರ ಮುಗಿದ ಮೇಲೆ ಟಾಕೀಸಿಗೆ ಹೋದವರದ್ದೇ.

ನಮ್ಮ ಕಡೆಯ ವಸಂತಕ್ಕೆ ಬೇರೆ ಗಡಿಗಳಿವೆ. ಫೆಬ್ರವರಿಯ ಎರಡನೇ ವಾರ ಬರುವ ಕೆಡ್ಡಸ ಒಂದು ಗಡಿ. ತುಳುವರ ಬೇಷ ತಿಂಗಳ ಹತ್ತನೇ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಪತ್ತನಾಜೆ ಇನ್ನೊಂದು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಮಳೆಗಾಲದ ಸಿದ್ಧತೆ ಶುರು. ಇವೆರಡರ ನಡುವಿನ ಮೂರೂವರೆ ತಿಂಗಳಲ್ಲಿ ಯಾವಾಗ ಎಲ್ಲಿ ಏನು ನೋಡಬೇಕು, ಏನು ಮೂಸಬೇಕು, ಏನು ತಿನ್ನಬೇಕು ಎಂಬುದಕ್ಕೆ ಈ ಬರಹ. ಊರಲ್ಲೇ ಇರುವವರಿಗೂ ಸರಿ, ಬೆಂಗಳೂರಿನಿಂದಲೋ ಗಲ್ಫಿನಿಂದಲೋ ಹತ್ತು ದಿನದ ರಜೆಯಲ್ಲಿ ಬರುವವರಿಗೂ ಸರಿ.

ಮೊದಲು ಮರಗಳ ಪಟ್ಟಿ ಮಾಡಿ

ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆಂದು ನಂಬಿಕೆ. ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ ತೆಂಗಿನಕಾಯಿ ಬೆರೆಸಿ ತಿನ್ನುವುದು, ನುಗ್ಗೆ ಬದನೆಯ ಪದಾರ್ಥ ಮಾಡುವುದು, ಅಷ್ಟೇ ಕೆಲಸ. ಹಾರೆ ಕತ್ತಿ ಮೂಲೆ ಸೇರಿದ ಈ ದಿನಗಳೇ ಪಟ್ಟಿ ಮಾಡಲು ಸರಿಯಾದ ಹೊತ್ತು. ಮನೆಯಿಂದ ನಡೆದು ಮುಟ್ಟಬಹುದಾದ ದೂರದಲ್ಲಿ ಸುರಗಿ ಎಲ್ಲಿದೆ, ರೆಂಜೆ (ಬಕುಳ) ಎಲ್ಲಿದೆ, ಕೊನ್ನೆ (ಕಕ್ಕೆ) ಯಾರ ಜಾಗದಲ್ಲಿದೆ, ಕಾಟುಮಾವಿನ ಮರ ಯಾವ ತೋಡಿನ ಬದಿಯಲ್ಲಿದೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿ. ನಿಮಗೆ ಗೊತ್ತಿಲ್ಲದಿದ್ದರೆ ನೆರೆಯ ಅಜ್ಜಿಯಂದಿರಿಗೆ ಗೊತ್ತಿರುತ್ತದೆ. ಅವರ ಬಾಯಲ್ಲಿ ಮರಕ್ಕೊಂದು ಚರಿತ್ರೆಯೂ ಸಿಗುತ್ತದೆ, ಅದಕ್ಕೂ ಪುರುಸೊತ್ತು ಇಟ್ಟುಕೊಂಡು ಹೋಗಿ.

ಹಳೆಯ ಮರಗಳು ಹೆಚ್ಚಾಗಿ ಉಳಿದಿರುವುದು ನಾಗಬನಗಳಲ್ಲಿ, ದೈವದ ಬನಗಳಲ್ಲಿ, ತೆಂಕಣದ ಕಾವುಗಳಲ್ಲಿ. ಅಲ್ಲಿ ನೋಡಬಹುದು, ಮೂಸಬಹುದು, ಕೊಯ್ಯುವ ಹಾಗಿಲ್ಲ. ಈ ಕಟ್ಟು ಇಲ್ಲದಿರುತ್ತಿದ್ದರೆ ಎಷ್ಟೋ ಕಡೆ ಸುರಗಿ, ನಾಗಸಂಪಿಗೆಗಳ ಹೆಸರಷ್ಟೇ ಉಳಿದಿರುತ್ತಿತ್ತು.

ಪಟ್ಟಿಯಲ್ಲಿ ಹಾಲಿವಾಣವನ್ನೂ ಸೇರಿಸಿ. ಹಿಂದೆ ಬೇಲಿಗೂ ಕರಿಮೆಣಸಿನ ಬಳ್ಳಿ ಹಬ್ಬಿಸಲೂ ಎಲ್ಲರೂ ನೆಡುತ್ತಿದ್ದ ಮರ. ಎಲೆ ಉದುರಿದ ಬೋಳು ಗೆಲ್ಲಿನ ತುದಿಯಲ್ಲಿ ಕೆಂಪು ಹೂ ಬಂದರೆ ಮೈನಾ, ಕಾಜಾಣ, ಕಾಗೆ ಎಲ್ಲ ಅಲ್ಲೇ ಜಗಳ. 2005ರ ಹೊತ್ತಿಗೆ ಕೇರಳಕ್ಕೆ ಬಂದ ಒಂದು ಸಣ್ಣ ಕಣಜ ಎಲೆ ಚಿಗುರುಗಳಲ್ಲೆಲ್ಲ ಗಂಟು ಕಟ್ಟಿಸಿ ಈ ಮರಗಳನ್ನು ಸಾಲುಸಾಲಾಗಿ ಸಾಯಿಸಿತು. ಈಗ ಎಲ್ಲಾದರೂ ಒಂದು ಹೂಬಿಟ್ಟ ಹಾಲಿವಾಣ ಕಂಡರೆ ಅದರ ಗೆಲ್ಲು ಕೇಳಿ ತನ್ನಿ. ಮೊದಲ ಮಳೆಗೆ ನೆಲಕ್ಕೆ ಊರಿದರೆ ಚಿಗುರುತ್ತದೆ.

ಹೊತ್ತು ನೋಡಿ ಹೊರಡಿ

ಇಲ್ಲಿಯ ವಸಂತ ಮಧ್ಯಾಹ್ನದ್ದಲ್ಲ. ಹತ್ತು ಗಂಟೆಗೆ ಬೆವರಿಳಿಯಲು ತೊಡಗಿದರೆ ಹೂವಿನ ಹಂಬಲವೂ ಇಳಿದುಹೋಗುತ್ತದೆ. ಬೆಳಕು ಹರಿಯುವ ಮೊದಲಿನ ಅರ್ಧ ಗಂಟೆಯಿಂದ ಎಂಟರವರೆಗೆ ಒಂದು ಹೊತ್ತು, ಸಂಜೆ ಕಡಲಗಾಳಿ ಬೀಸಿ ಸೆಕೆ ಕಡಿಮೆಯಾದ ಮೇಲೆ ಇನ್ನೊಂದು. ಕಾರಿನಲ್ಲಿ ಎಸಿ ಹಾಕಿಕೊಂಡು ಗುಡ್ಡ ಸುತ್ತಿದರೆ ಬಣ್ಣ ಕಾಣುತ್ತದೆ, ಪರಿಮಳ ಮಾತ್ರ ಗಾಜಿನ ಹೊರಗೇ ಉಳಿಯುತ್ತದೆ. ನಮ್ಮ ಊರಿನ ಹೂಗಳಲ್ಲಿ ಮುಕ್ಕಾಲು ಪಾಲು ಕಣ್ಣಿಗಿಂತ ಮೂಗಿಗೇ ಸೇರಿದವು, ಆದ್ದರಿಂದ ನಡೆದೇ ಹೋಗಿ.

ಬೆಳಗ್ಗೆ ಮೊದಲು ಅಡಿಕೆ ತೋಟಕ್ಕೆ ಇಳಿಯಿರಿ. ಹಾಳೆ ಬಿರಿದು ಹಿಂಗಾರ ಹೊರಬಂದ ದಿನ ತೋಟದೊಳಗೆ ಒಂದು ತಣ್ಣನೆಯ ಪರಿಮಳ ಇರುತ್ತದೆ. ಬಿಸಿಲೇರಿದರೆ ಅದಿಲ್ಲ. ಅಲ್ಲಿಂದ ಗುಡ್ಡಕ್ಕೆ ಹತ್ತಿದರೆ ಗೇರು. ಗೇರು ಹೂ ಕಾಣಲು ಏನೂ ಅಲ್ಲ, ಗುಲಾಬಿ ಗೆರೆಯ ಅಕ್ಕಿಕಾಳಿನಷ್ಟು ಹೂಗಳ ಗೊಂಚಲು. ಆದರೆ ಇಡೀ ಗುಡ್ಡವೇ ಹೂಬಿಟ್ಟಾಗ ಗಾಳಿ ಬಂದ ದಿಕ್ಕಿನಿಂದಲೇ ಗೇರುಗುಡ್ಡ ಎಲ್ಲಿದೆಯೆಂದು ಹೇಳಬಹುದು.

ಈ ಹೂವಿನ ಬಗ್ಗೆ ಬರೆಯುವಾಗ ಕಾಸರಗೋಡಿನವರು ಬಿಡಲಾಗದ ಒಂದು ಮಾತಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದ ಕೊನೆಯವರೆಗೂ, ಗೇರು ಹೂ ಬಿಡುವ ಕಾಲಕ್ಕೇ ಸರಿಯಾಗಿ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು, ಹೂ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲೆಂದು. ಎಣ್ಮಕಜೆಯ ಹಳ್ಳಿಗಳಲ್ಲಿ ಬಾವಿ ಮುಚ್ಚಿ, ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಕಾಲವಾಗಿತ್ತು ಅದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಅದರಿಂದ ನರಳಿದವರು ಈಗಲೂ ಇದ್ದಾರೆ. ಆ ಕಡೆ ಹೋದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮನೆಯಂಗಳಗಳಿಗೆ ನುಗ್ಗಬೇಡಿ.

ಸುರಗಿ, ರೆಂಜೆ: ಕೊಯ್ಯುವುದು, ಕಟ್ಟುವುದು, ಇಡುವುದು

ಸುರಗಿ ಹೂ ಗೆಲ್ಲಿನ ತುದಿಯಲ್ಲಿ ಬರುವುದಿಲ್ಲ, ಗೆಲ್ಲಿನ ಮೈಗೇ ಅಂಟಿಕೊಂಡು ಗೊಂಚಲಾಗಿ ಬರುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ತುಂಬ ಅದರ ಕಾಲ. ಮೊಗ್ಗು ಉರುಟಾಗಿ ಬೆಳ್ಳಗೆ ಬಲಿತು, ಇನ್ನೂ ಒಡೆಯದಿರುವಾಗ ಕೊಯ್ಯಬೇಕು. ಅರಳಿದರೆ ಎಸಳು ನಿಲ್ಲುವುದಿಲ್ಲ. ಕೊಯ್ಲು ಬೆಳಗ್ಗೆ ಬೇಗ. ಮರ ಹತ್ತಲು ಬರುವವರು ಹತ್ತಲಿ, ಉಳಿದವರು ಕೆಳಗೆ ಹಳೆಯ ಸೀರೆ ಹಾಸಿ ಕಾಯಲಿ. ಕೆಂಪಿರುವೆಗಳು ಎಲೆ ಹೊಲಿದು ಗೂಡು ಕಟ್ಟಿರುತ್ತವೆ, ಹತ್ತುವ ಮೊದಲು ಒಮ್ಮೆ ಮೇಲೆ ನೋಡಿ.

ಸೂಜಿ ದಾರದಲ್ಲಿ ಪೋಣಿಸಿದ ಸುರಗಿ ಮಾಲೆಯನ್ನು ಮೊದಲ ದಿನ ಮುಡಿಯಿರಿ, ದೇವರಿಗೆ ಇಡಿ. ಆಮೇಲೆ ಬಿಸಾಡಬೇಡಿ. ನೆರಳಿನಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಪರಿಮಳ ಹಾಗೇ ಉಳಿಯುತ್ತದೆ. ಬಿಸಿಲಿಗೆ ಹಾಕಿದರೆ ಪುಡಿಯಾಗುತ್ತದೆ. ಒಣಗಿದ ಮಾಲೆಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ರೇಷ್ಮೆ ಸೀರೆಗಳ ನಡುವೆ ಇಡಿ. ಆಟಿ ತಿಂಗಳ ಮಳೆಯಲ್ಲಿ ಕಪಾಟು ತೆರೆದಾಗ ಬೂಸಲಿನ ವಾಸನೆಯ ಬದಲು ಸುರಗಿಯ ವಾಸನೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಗುಳಿಗೆಯೂ ಇದರ ಹತ್ತಿರ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರೆಂಜೆಗೆ ಮರ ಹತ್ತುವ ಕೆಲಸವೇ ಇಲ್ಲ. ರಾತ್ರಿಯಿಡೀ ತಾನೇ ಉದುರುತ್ತದೆ. ಮುಂಜಾನೆ ಮರದಡಿಗೆ ಹೋಗಿ ಹೆಕ್ಕುವುದಷ್ಟೇ. ಹಿಂದಿನ ಸಂಜೆ ಮರದಡಿ ಗುಡಿಸಿಟ್ಟರೆ ಹೆಕ್ಕಲು ಸುಲಭ. ಉದುರಿದ ಹೂವಿನ ನಡುವೆ ತಾನಾಗಿಯೇ ತೂತು ಇರುವುದರಿಂದ ಸೂಜಿ ಬೇಡ. ಬಾಳೆನಾರನ್ನು ನೀರಲ್ಲಿ ನೆನೆಸಿ, ಸಪೂರ ಸೀಳಿ, ಒಂದು ತುದಿಗೆ ಗಂಟು ಹಾಕಿ ಪೋಣಿಸುತ್ತಾ ಹೋದರಾಯಿತು. ಸಣ್ಣ ಮಕ್ಕಳ ಕೈಗೆ ಕೊಡಬಹುದಾದ ಕೆಲಸ, ಮೊಬೈಲು ಕೇಳದೆ ಒಂದು ಗಂಟೆ ಕೂತಿರುತ್ತಾರೆ. ಇದೂ ಒಣಗಿದ ಮೇಲೆ ಪರಿಮಳ ಬಿಡದ ಹೂ.

ಮಲ್ಲಿಗೆಯನ್ನು ಪೇಟೆಯಲ್ಲಿ ಕೊಳ್ಳುವವರಿಗೆ ಒಂದೇ ಸೂಚನೆ. ಬೇಸಿಗೆ ಏರಿದ ಹಾಗೆ ಇಳುವರಿ ಏರುತ್ತದೆ, ದರ ಇಳಿಯುತ್ತದೆ. ಉಡುಪಿ ಕಡೆಯ ಲೆಕ್ಕದಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಗಳ ಮುಹೂರ್ತ ಇಲ್ಲದ ದಿನ ನೋಡಿ ಕೊಳ್ಳಿ.

ಗೇರುಗುಡ್ಡದಿಂದ ಅಡುಗೆಮನೆಗೆ

ಹೂ ನೋಡಿ ಹೊಟ್ಟೆ ತುಂಬುವುದಿಲ್ಲವಲ್ಲ. ಫೆಬ್ರವರಿ ಮಾರ್ಚಿನಲ್ಲಿ ಎಳೆ ಗೇರುಬೀಜ ಸಿಗುತ್ತದೆ. ಸಿಪ್ಪೆ ಇನ್ನೂ ಹಸಿರಾಗಿರುವಾಗಲೇ ಕೊಯ್ದದ್ದು. ಕೈಗೆ ಮೊಣಕೈವರೆಗೂ ತೆಂಗಿನೆಣ್ಣೆ ಹಚ್ಚಿಕೊಳ್ಳದೆ ಮುಟ್ಟಬೇಡಿ, ಸಿಪ್ಪೆಯ ಎಣ್ಣೆ ತಾಗಿದ ಕಡೆ ಚರ್ಮ ಸುಟ್ಟು ಸುಲಿಯುತ್ತದೆ. ಕತ್ತಿಯಲ್ಲಿ ಉದ್ದಕ್ಕೆ ಸೀಳಿ, ತುದಿಯಿಂದ ತಿರುಳು ಎಬ್ಬಿಸಿ, ಬಿಸಿನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೆ ಒಳಸಿಪ್ಪೆ ಜಾರುತ್ತದೆ. ತೊಂಡೆಕಾಯಿಯ ಜೊತೆ ಹಾಕಿ, ಒಗ್ಗರಣೆಗೆ ಸಾಸಿವೆ, ಒಣಮೆಣಸು, ಬೇವಿನಸೊಪ್ಪು, ಕೊನೆಗೆ ತೆಂಗಿನತುರಿ. ಬೇರೆ ಮಸಾಲೆ ಹಾಕಿದರೆ ಬೀಜದ ರುಚಿ ಹಾಳು. ವಿಷುವಿನ (ಸೌರ ಯುಗಾದಿಯ) ಊಟಕ್ಕೆ ಈ ಪಲ್ಯ ಇಲ್ಲದ ಮನೆ ನಮ್ಮಲ್ಲಿ ಕಡಿಮೆ.

ಗೇರುಹಣ್ಣನ್ನು ಜನ ಗುಡ್ಡದಲ್ಲೇ ಕೊಳೆಯಲು ಬಿಡುತ್ತಾರೆ, ಗಂಟಲು ಕೆರೆಯುತ್ತದೆಂದು. ಒಗರು ತೆಗೆಯುವುದು ಸುಲಭ. ಹಣ್ಣು ಹಿಂಡಿ ಸೋಸಿದ ರಸಕ್ಕೆ ಗಂಜಿತೆಳಿ ಅಥವಾ ಬೇಯಿಸಿದ ಸಾಬಕ್ಕಿ ಬೆರೆಸಿ ಸುಮ್ಮನೆ ಇಡಿ. ಒಗರೆಲ್ಲ ಅಡಿಗೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದು ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಅಂದೇ ಕುಡಿಯಿರಿ. ಮರುದಿನಕ್ಕಿಟ್ಟರೆ ಹುಳಿಯುತ್ತದೆ. ಇಷ್ಟು ತಾಳ್ಮೆ ಇಲ್ಲದವರು ಹಣ್ಣನ್ನು ಹೋಳು ಮಾಡಿ ಉಪ್ಪು ಮೆಣಸಿನಪುಡಿ ಹಾಕಿ ಅರ್ಧ ಗಂಟೆ ಬಿಟ್ಟು ತಿನ್ನಲಿ. ಬಿಳಿ ಬಟ್ಟೆ ಹಾಕಿಕೊಳ್ಳದಿದ್ದರೆ ಸಾಕು, ಆ ಕಲೆ ಹೋಗುವುದಿಲ್ಲ.

ಕಾಟುಮಾವಿನ ಸರದಿ ಇದೇ ಹೊತ್ತಿಗೆ. ಮಿಡಿಯಿಂದ ಉಪ್ಪಿನಕಾಯಿ, ಬಲಿತ ಕಾಯಿಯಿಂದ ನೀರುಗೊಜ್ಜು, ಏಪ್ರಿಲ್ ಮೇಯಲ್ಲಿ ಹಣ್ಣಾದರೆ ಸಾಸಿವೆ, ಮೆಣಸ್ಕಾಯಿ ಎಂಬ ಪದಾರ್ಥಗಳು. ನೀರುಗೊಜ್ಜಿಗೆ ಬೇಕಾದದ್ದು ಬೇಯಿಸಿದ ಮಾವು, ಉಪ್ಪು, ಗಾಂಧಾರಿ ಮೆಣಸು, ನೀರು, ಬೆಳ್ಳುಳ್ಳಿಯ ಒಗ್ಗರಣೆ. ಸೆಕೆಯ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ಜೊತೆ ಇದೊಂದಿದ್ದರೆ ಬೇರೇನೂ ಬೇಡ. ಕಾಯಿ ಕೊಯ್ದ ಕೂಡಲೇ ತೊಟ್ಟು ಕೆಳಗೆ ಮಾಡಿ ಸೊನೆ ಇಳಿಸಿ. ಸೊನೆ ತುಟಿಗೆ ತಾಗಿದರೆ ವಾರವಿಡೀ ಉರಿ.

ಜೇನನ್ನು ಮರೆತೆವೆಂದುಕೊಳ್ಳಬೇಡಿ. ಮಲೆನಾಡಿಗೆ ತಾಗಿದ ಕಡೆಗಳಲ್ಲಿ ರಬ್ಬರು ಮರ ಎಲೆ ಉದುರಿಸಿ ಹೊಸ ಚಿಗುರು ತರುವಾಗ ಎಲೆತೊಟ್ಟಿನ ಗ್ರಂಥಿಗಳಲ್ಲಿ ಸಿಹಿರಸ ಒಸರುತ್ತದೆ. ಕೇರಳದಲ್ಲಿ ಪೆಟ್ಟಿಗೆಜೇನು ತುಂಬುವುದು ಬಹುಪಾಲು ಇದರಿಂದಲೇ, ಜನವರಿಯಿಂದ ಮಾರ್ಚಿನವರೆಗೆ. ಹೊಸ ಜೇನು ಬೇಕಿದ್ದರೆ ಆಗಲೇ ಸಾಕುವವರ ಮನೆಗೆ ಹೋಗಿ ಕೇಳಿ. ಮುಜಂಟಿ (ಕುಟುಕದ ಪುಟ್ಟ ಜೇನುಹುಳ) ಜೇನು ಕೊಡುವವರು ಸಿಕ್ಕರೆ ದರ ಕೇಳಿ ಗಾಬರಿಯಾಗಬೇಡಿ. ಒಂದು ಗೂಡಿನಿಂದ ವರ್ಷಕ್ಕೆ ಸಿಗುವುದೇ ಅಷ್ಟಿಷ್ಟು.

ಇನ್ನು ಹಲಸು. ಗುಜ್ಜೆಯ (ಎಳೆ ಹಲಸಿನಕಾಯಿಯ) ಪಲ್ಯದಿಂದ ಶುರುವಾಗಿ ಏಪ್ರಿಲಿಗೆ ಹಪ್ಪಳದ ತನಕ ಬರುತ್ತದೆ. ಬಲಿತ, ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಒನಕೆಯಲ್ಲೋ ಗ್ರೈಂಡರಿನಲ್ಲೋ ನುಣ್ಣಗೆ ಮಾಡಿ ಉಂಡೆ ಕಟ್ಟಬೇಕು. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಉಂಡೆಗೆ, ಇಬ್ಬರು ಒತ್ತಲು, ಒಬ್ಬರು ಅಂಗಳಕ್ಕೆ ಸಾಗಿಸಲು, ಮಕ್ಕಳು ಕಾಗೆ ಓಡಿಸಲು. ಕಾವಲಿನ ಸಂಬಳ ಅರೆ ಒಣಗಿದ ಹಪ್ಪಳ, ಅದನ್ನು ಸುರುಳಿ ಸುತ್ತಿ ತಿನ್ನುವುದು. ಎಣ್ಣೆಯಲ್ಲಿ ಕರಿದದ್ದಕ್ಕಿಂತ ಅದೇ ರುಚಿ ಎನ್ನುವವರು ನಮ್ಮಲ್ಲಿ ಬಹಳ. ನೆರೆಕರೆಯವರನ್ನು ಸೇರಿಸಿಕೊಂಡು ಒಂದು ದಿನ ಇದಕ್ಕೆಂದೇ ಇಡಿ. ಸುದ್ದಿ ಎಲ್ಲ ಅಂದೇ ವಿಲೇವಾರಿಯಾಗುತ್ತದೆ.

ತೆಂಕಣಕ್ಕೆ ಒಂದು ಸುತ್ತು

ಮೀನ ಮಾಸದಲ್ಲಿ, ಅಂದರೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನೊಳಗೆ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರಿನ ಕಡೆ ಪೂರಂ. ಕೃತ್ತಿಕೆಯಿಂದ ಹುಬ್ಬ ನಕ್ಷತ್ರದವರೆಗೆ ಒಂಬತ್ತು ದಿನ ಹೆಣ್ಣುಮಕ್ಕಳು ಹೂವಿಟ್ಟು ಕಾಮದೇವನನ್ನು ಪೂಜಿಸುತ್ತಾರೆ. ಕೊನೆಯ ದಿನ ಅವನನ್ನು ಹಲಸಿನ ಮರದಡಿಗೆ ಒಯ್ದು, ಬರುವ ವರ್ಷ ಬೇಗ ಬಾ ಎಂದು ಬೀಳ್ಕೊಡುತ್ತಾರೆ. ಇದೇ ದಿನಗಳಲ್ಲಿ ಕಾವುಗಳ ಅಂಗಳದಲ್ಲಿ ಗಂಡಸರು ದೀಪದ ಸುತ್ತ ಕುಣಿಯುವ ಪೂರಕ್ಕಳಿ ಇರುತ್ತದೆ, ಜೊತೆಗೆ ಸಂಸ್ಕೃತದಲ್ಲಿ ವಾದ ನಡೆಸುವ ಮರತ್ತುಕಳಿ. ಮಲೆಯಾಳ ಬಾರದಿದ್ದರೂ ಹೆಜ್ಜೆ ಮತ್ತು ತಾಳ ಅರ್ಥವಾಗುತ್ತದೆ. ಕುಂಬಳೆ ಬದಿಯವರಿಗೆ ರೈಲಿನಲ್ಲಿ ಹೋಗಿಬರುವಷ್ಟೇ ದೂರ. ಹಾಗಿದ್ದೂ ಎಷ್ಟೋ ಕನ್ನಡ ಮನೆಗಳಲ್ಲಿ ಇದನ್ನು ಕಂಡವರಿಲ್ಲ.

ಕೊನ್ನೆ ಮತ್ತು ವಿಷುಕಣಿ

ಕೊನ್ನೆ ಈಗೀಗ ಫೆಬ್ರವರಿಯಲ್ಲೇ ಅರಳಿ, ವಿಷು ಬರುವಾಗ ಅರ್ಧ ಉದುರಿರುವುದುಂಟು. ಪೇಟೆಯಲ್ಲಿ ಪ್ಲಾಸ್ಟಿಕ್ ಕೊನ್ನೆ ಬಂದದ್ದು ಇದರ ಲಾಭ ಪಡೆಯಲೇ. ಅದನ್ನು ತರುವುದಕ್ಕಿಂತ ಹೂವಿಲ್ಲದ ಕಣಿಯೇ (ವಿಷುವಿನ ಬೆಳಗ್ಗೆ ಮೊದಲು ನೋಡುವ ಹರಿವಾಣವೇ) ಮೇಲು. ನಿಮ್ಮ ಪಟ್ಟಿಯಲ್ಲಿ ಎರಡು ಮೂರು ಕೊನ್ನೆ ಮರಗಳಿದ್ದರೆ ತಡವಾಗಿ ಅರಳುವ ಮರ ಯಾವುದೆಂದು ಗೊತ್ತಿರುತ್ತದೆ, ಅದನ್ನೇ ನಂಬಿ.

ವಿಷು ಏಪ್ರಿಲ್ 14ಕ್ಕೆ, ಕೆಲವು ವರ್ಷ 15ಕ್ಕೆ. ಹಿಂದಿನ ಸಂಜೆ ಬಿಸಿಲು ಇಳಿದ ಮೇಲೆ ದೋಟಿಯಲ್ಲಿ ಗೊಂಚಲು ಮಾತ್ರ ಕೊಯ್ಯಿರಿ, ಗೆಲ್ಲು ಸಮೇತ ಎಳೆಯಬೇಡಿ. ಮರದವರನ್ನು ಕೇಳಿಯೇ ಕೊಯ್ಯಿರಿ, ಕೈಗೆಟಕುವ ಗೊಂಚಲುಗಳನ್ನು ಮಕ್ಕಳಿಗೆ ಬಿಡಿ. ತಂದ ಹೂವನ್ನು ನೀರು ಚಿಮುಕಿಸಿ ಬಾಳೆಲೆಯಲ್ಲಿ ಸುತ್ತಿಟ್ಟರೆ ಬೆಳಗಿನವರೆಗೆ ಬಾಡುವುದಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಣಿ ಇಡುವುದು. ಹರಿವಾಣದಲ್ಲಿ ಅಕ್ಕಿ, ಅದರ ಮೇಲೆ ತೆಂಗಿನಕಾಯಿ, ಹಳದಿ ಸೌತೆ, ಮಾವು, ಬೀಜ ಸಮೇತ ಗೇರುಹಣ್ಣು, ಗುಜ್ಜೆ, ಬಾಳೆಹಣ್ಣು, ವೀಳ್ಯದೆಲೆ ಅಡಿಕೆ, ಚಿನ್ನ ಅಥವಾ ನಾಣ್ಯ, ಹೊಸ ಬಟ್ಟೆ, ಹೊಸ ಪಂಚಾಂಗ. ಹಿಂದೆ ಕನ್ನಡಿ, ಸುತ್ತ ಕೊನ್ನೆ. ಅಂಗಡಿಯ ಸೇಬು ದ್ರಾಕ್ಷಿ ತುಂಬಿಸುವ ಹೊಸ ರೂಢಿ ನನಗೆ ಹಿಡಿಸುವುದಿಲ್ಲ. ಆ ವಾರ ನಿಮ್ಮ ಜಾಗದಲ್ಲಿ ಏನು ಬೆಳೆದಿದೆಯೋ ಅದೇ ಕಣಿ. ಎರಡು ಸಣ್ಣ ಸಂಗತಿ ಗಮನಿಸಿ: ದೀಪಕ್ಕೆ ಬೆಳಗಿನವರೆಗೆ ಉರಿಯುವಷ್ಟು ಎಣ್ಣೆ ಇರಲಿ, ಕನ್ನಡಿಯನ್ನು ಮನೆಯ ಅತಿ ಸಣ್ಣ ಮಗುವಿನ ಮುಖ ಕಾಣುವಷ್ಟು ಕೆಳಗೆ ವಾಲಿಸಿಡಿ. ಬೆಳಗಿನ ಜಾವ ಒಬ್ಬೊಬ್ಬರನ್ನೇ ಕಣ್ಣು ಮುಚ್ಚಿಸಿ ಕರೆತಂದು ಕಣಿ ತೋರಿಸಿ, ಆಮೇಲೆ ಹಿರಿಯರ ಕಾಲು ಹಿಡಿದು ಕೈನೀಟ. ಹತ್ತು ರೂಪಾಯಿಯ ನೋಟಾದರೂ ಹೊಸದಾಗಿರಲಿ, ಮಕ್ಕಳು ಮೊತ್ತಕ್ಕಿಂತ ಗರಿಗರಿಯನ್ನು ನೆನಪಿಡುತ್ತಾರೆ.

ಪದವುಗಳಿಗೆ ಹೋಗುವವರಿಗೆ

ಮುರಕಲ್ಲಿನ ಪದವುಗಳಲ್ಲಿ (ಮರವಿಲ್ಲದ ಎತ್ತರದ ಬಯಲುಗಳಲ್ಲಿ) ಕೇಪುಳ ಕೆಂಪಾಗಿ ಅರಳಿರುತ್ತದೆ. ಒಂದು ಹಿಡಿ ಹೂವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಏಪ್ರಿಲ್ ಕೊನೆಗೆ ಪೊದೆಗಳಲ್ಲಿ ಕುಂಟಾಲ ಹಣ್ಣು, ತಿಂದ ನಾಲಗೆ ನೇರಳೆ. ಎತ್ತರ ಬೇಕಿದ್ದರೆ ಪೈವಳಿಕೆಯ ಪೊಸಡಿಗುಂಪೆಗೆ ಬೆಳಗ್ಗೆ ಹೋಗಿ, ಪಡುವಣಕ್ಕೆ ಕಡಲು ಕಾಣುತ್ತದೆ. ಪಾಣತ್ತೂರಿನ ಕಡೆಯ ರಾಣಿಪುರಂ ಸಮುದ್ರಮಟ್ಟದಿಂದ 750 ಮೀಟರ್ ಎತ್ತರ. ಕಾಡ್ಗಿಚ್ಚಿನ ಭಯವಿರುವಾಗ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ವಿಚಾರಿಸಿ ಹೊರಡಿ. ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು.

ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗನ್ನು ಹಗುರವಾಗಿ ಎಣಿಸಬೇಡಿ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಎಚ್ಚರಿಕೆ ಇರಬೇಕೆಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿವರ್ಷ ಹೇಳುತ್ತದೆ. ಮರವಿಲ್ಲದ ಪದವಿನಲ್ಲಿ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮೋಡ ಕಪ್ಪಾದರೆ ಇಳಿಯಿರಿ. ಇಳಿಯುವ ದಾರಿಯಲ್ಲಿ, ಬಾಯಾರು ಶೇಣಿಯ ಕಡೆ, ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಗಳಿಂದ ನೀರು ಹರಿದು ಬರುತ್ತಿರುತ್ತದೆ. ಬಾಯಲ್ಲಿ ನಿಂತು ಮುಖ ತೊಳೆಯಿರಿ, ಒಳಗೆ ಮಾತ್ರ ಹೋಗಬೇಡಿ. ಬಾವಲಿ, ಹಾವು, ಕುಸಿಯುವ ಮಣ್ಣು, ಮೂರೂ ಇರುತ್ತವೆ.

ಪತ್ತನಾಜೆಗೆ ಮೊದಲು

ಮೇ ಹುಟ್ಟಿದ ಮೇಲೆ ಹೂವಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಇನ್ನು ಎರಡು ಕೆಲಸ ಉಳಿದಿದೆ. ಒಂದು, ಬಯಲಾಟ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿದ್ದುಕೊಂಡು ಒಂದು ರಾತ್ರಿಯಾದರೂ ಚಾಪೆ ಹಿಡಿದು ಗದ್ದೆಗೆ ಹೋಗದಿದ್ದರೆ ಹೇಗೆ? ಪತ್ತನಾಜೆ ಕಳೆದರೆ ದೀಪಾವಳಿಯ ಆಚೆಗೇ ಮುಂದಿನ ತಿರುಗಾಟ.

ಎರಡು, ಪುನರ್ಪುಳಿ (ಮುರುಗಲು, ಕೋಕಂ). ಮರದಡಿ ಬಿದ್ದ ಕಡುಕೆಂಪು ಹಣ್ಣು ಹೆಕ್ಕಿ, ಒಡೆದು, ಬೀಜ ಮತ್ತು ತಿರುಳನ್ನು ಅಂದಿನ ಶರಬತ್ತಿಗೆ ತೆಗೆದಿಡಿ. ಸಿಪ್ಪೆಗೆ ಉಪ್ಪು ಬೆರೆಸಿ ಬಿಸಿಲಿಗೆ ಹಾಕಿ. ಒಡೆದ ಸಿಪ್ಪೆಯಿಂದ ಇಳಿದ ರಸವನ್ನು ಚೆಲ್ಲದೆ ಮತ್ತೆ ಅದಕ್ಕೇ ಸವರುತ್ತಾ ಒಣಗಿಸಿದರೆ ಬಣ್ಣ ಕಪ್ಪಾಗಿ ಹುಳಿ ಗಟ್ಟಿಯಾಗುತ್ತದೆ. ದಿನಕ್ಕೊಮ್ಮೆ ಮಗುಚಿ. ಕೈಗೆ ಅಂಟದ ಹಾಗಾದ ಮೇಲೆ ಭರಣಿಯಲ್ಲೋ ಗಾಜಿನ ಬಾಟಲಿಯಲ್ಲೋ ತುಂಬಿ, ಸ್ಟೀಲಿನ ಡಬ್ಬ ಬೇಡ. ನಡುವೆ ಮಳೆ ಬಂದು ಬಿಸಿಲು ಕೈಕೊಟ್ಟರೆ ಅಡಿಕೆ ಒಣಗಿಸುವ ಡ್ರೈಯರ್ ಅಥವಾ ಸೋಲಾರ್ ಗೂಡು ಯಾರ ಮನೆಯಲ್ಲಿದೆ ಎಂದು ವಿಚಾರಿಸಿ, ಒಂದು ಮೂಲೆಯಲ್ಲಿ ಜಾಗ ಕೇಳಿ. ಅಡಿಕೆ ಆಗ ಕಡಿಮೆಯಾಗಿರುವುದರಿಂದ ಯಾರೂ ಇಲ್ಲವೆನ್ನುವುದಿಲ್ಲ, ಶರಬತ್ತಿನ ಒಂದು ಬಾಟಲಿ ಕೊಟ್ಟರೆ ಮುಂದಿನ ವರ್ಷಕ್ಕೂ ಆಯಿತು.